ಗೆದ್ದವರ ಹಾಲನ್ನ

ಸೋಮವಾರ ಬೆಳಿಗ್ಗೆ ಕಹಟಗೊಲ್ಲ ಠಾಣೆಗೆ ದೂರು ತಂದವನು ಕುಲಸೇನ ಹೇರತ್. ಹಿಂದಿನ ದಿನವಷ್ಟೇ ಪ್ರಾಂತೀಯ ಸಭೆಗೆ ಗೆದ್ದವನು. ಜಿಲ್ಲೆಯ ಹದಿನೆಂಟು ಸ್ಥಾನಗಳಲ್ಲಿ ಅವನ ನೇಗಿಲು ಪಕ್ಷಕ್ಕೆ ಹದಿಮೂರು, ದೀಪ ಪಕ್ಷಕ್ಕೆ ಐದು. ರಾತ್ರಿ ಪಕ್ಷದ ಕಚೇರಿಯಲ್ಲಿ ವಿಜಯದ ಹಾಲನ್ನ ತಿಂದ ಕಾರ್ಯಕರ್ತರೆಲ್ಲ ವಾಂತಿಭೇದಿ ಹಿಡಿದು ಬದುಲ್ಲದ ಆಸ್ಪತ್ರೆಯಲ್ಲಿದ್ದರು.

"ದೀಪದವರದ್ದೇ ಕೆಲಸ ಸಾರ್. ಅವರ ಪಕ್ಷದ ಆ ಗಾರೆ ಕೆಲಸದ ಲಯನಲ್‌ನ ಹಿಡಿದು ಒಪ್ಪಿಸಿ."

"ಹಿಡಿಯೋದು ಬೇರೆ, ಹುಡುಕೋದು ಬೇರೆ," ಎಂದ ಇನ್ಸ್‌ಪೆಕ್ಟರ್ ಅಬೇಕೋನ್.

"ವರ್ಗಾವಣೆ ಅನ್ನೋದು ಇನ್ನೂ ಬೇರೆ," ಎಂದ ಹೇರತ್.

ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ, ಹೇರತ್‌ನಂತೆಯೇ ಹಾಲನ್ನ ತಿನ್ನದೆ ಬಚಾವಾಗಿದ್ದ ಅವನ ಕಡೆಯವರೇ ಲಯನಲ್‌ನನ್ನು ಎಳೆದುತಂದರು. ತುಟಿ ಒಡೆದಿತ್ತು.

"ಸೋತಿದ್ದೂ ನಾವೇ, ಒದೆ ತಿಂದಿದ್ದೂ ನಾವೇ," ಎಂದ ಅವನು. "ಹಾಲನ್ನಕ್ಕಾದ್ರೂ ಕರೆದಿದ್ರಾ ನನ್ನ?"

ಪಕ್ಷದ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಹಂಡೆಯ ತಳದಲ್ಲಿ ಅರೆದ ಜಾಪಾಳದ ಬೀಜ ಸಿಕ್ಕಿತು. ಕಾನ್‌ಸ್ಟೆಬಲ್ ತಿಲಕಸಿರಿ ಬೀದಿಯಲ್ಲಿ ವಿಚಾರಿಸಿ ಬಂದ.

"ಸಾರ್, ಒಂದು ಮಗೂಗೂ ಏನೂ ಆಗಿಲ್ಲ."

"ಮಕ್ಕಳು ತಿನ್ಲಿಲ್ವಾ?"

"ಚೆನ್ನಾಗೇ ತಿಂದಿದಾರೆ. ಅವಕ್ಕೆ ಬೆಲ್ಲ ಹಾಕಿ ಬೇರೆ ಪಾತ್ರೇಲಿ ಮಾಡಿದ್ಲಂತೆ ಪೊಡಿಮೆನಿಕೆ."

ಪೊಡಿಮೆನಿಕೆ ಮದುವೆಮನೆಗಳ ಅಡುಗೆಯವಳು, ಅರವತ್ತು ದಾಟಿದ ವಿಧವೆ. ಅಬೇಕೋನ್ ಹೋದಾಗ ತೆಂಗಿನಕಾಯಿ ತುರಿಯುತ್ತಿದ್ದಳು.

"ಮಕ್ಕಳಿಗೆ ಯಾಕೆ ಬೇರೆ ಮಾಡಿದೆ?"

"ಮಕ್ಕಳು ಮೆರವಣಿಗೆ ಮಾಡಲ್ಲವಲ್ಲ ಸಾರ್."

"ಲಯನಲ್ ಹೇಳಿ ಹಾಕಿಸಿದ್ನಾ?"

"ಅವನಾ? ಪಾಪ, ನಾಯಿ ಬೊಗಳಿದ್ರೂ ಓಡ್ತಾನೆ. ಹಾಕಿದ್ದು ನಾನು. ಅವನ್ನ ಮನೆಗೆ ಕಳಿಸಿ."

ಸಂಜೆ ನಾಲ್ಕೂವರೆಗೆ ಬಂಧನ. ಲಯನಲ್‌ನನ್ನು ಬಿಟ್ಟರು. ಹೇರತ್ ಬುಸುಗುಡುತ್ತ ಬಂದ.

"ಲಯನಲ್ ಹೆಸರೂ ಸೇರಿಸಿ ಸಾರ್. ಬರೀ ಮುದುಕಿ ಅಂದ್ರೆ ಊರು ನಗುತ್ತೆ."

"ಹೇಳಿಕೆಗೆ ಸಹಿ ಬಿದ್ದಾಯ್ತು. ನಗಲಿ," ಎಂದ ಅಬೇಕೋನ್.

ಹೇರತ್ ಬೆಂಚಿನ ಮೇಲೆ ಕೂತಿದ್ದ ಅವಳತ್ತ ತಿರುಗಿದ. "ಯಾಕಮ್ಮಾ? ನಾವೇನು ಮಾಡಿದ್ವಿ ನಿನಗೆ?"

ಪೊಡಿಮೆನಿಕೆ ಇನ್ಸ್‌ಪೆಕ್ಟರನ ಮುಖ ನೋಡಿದಳು.

"ನೋಡಿ ಸಾರ್. ಕೇಳ್ತಾನೆ."

ಹಿಂದಿನ ಚುನಾವಣೆಯಲ್ಲೂ ಗೆದ್ದದ್ದು ನೇಗಿಲೇ. ಅಂದು ಅವಳ ಮಗಳು ಇನೋಕಾಳನ್ನು ಹೆರಿಗೆ ನೋವಿನಲ್ಲಿ ಕರೆದೊಯ್ಯುತ್ತಿದ್ದ ಆಟೋವನ್ನು ವಿಜಯದ ಮೆರವಣಿಗೆ ತಡೆದಿತ್ತು. ಚಾಲಕ ಹಾಲನ್ನ ತಿನ್ನಬೇಕು, ಜೈಕಾರ ಕೂಗಬೇಕು, ಸಾಲದು, ಇನ್ನೂ ಜೋರಾಗಿ ಕೂಗಬೇಕು. ಆಸ್ಪತ್ರೆ ತಲುಪುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ಈ ಸಲ ಹಾಲನ್ನ ಬೇಯಿಸಲು ಅವಳನ್ನು ಕರೆಯಲು ಬಂದವರು ಅದೇ ಗಂಡಸರು. ನಗುನಗುತ್ತ ಬಂದಿದ್ದರು. ಒಬ್ಬನಿಗೂ ನೆನಪಿರಲಿಲ್ಲ.