ಐವತ್ತೊಂದು ಚುಕ್ಕಿಗಳು

ಅವನನ್ನು ಮೊದಲ ಸಲ ಕಂಡ ದಿನವೇ ಅವನ ಹುಟ್ಟಡಗಿಸಬೇಕೆಂದು ತೀರ್ಮಾನಿಸಿದ್ದೆ. ಈಗ ಅದನ್ನು ಹೇಳಿದರೆ ನಗುತ್ತಾನೆ. ನಗಲಿ.

ನಾನು ಆರೋಗ್ಯ ಇಲಾಖೆಯ ಅಂಕಿಅಂಶ ವಿಭಾಗದವಳು. ಯಾವ ಊರಲ್ಲಿ, ಯಾವ ವಯಸ್ಸಿನವರು, ಸಹಜಕ್ಕಿಂತ ಎಷ್ಟು ಹೆಚ್ಚು ಸಾಯುತ್ತಿದ್ದಾರೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನಮ್ಮೂರಿನ ಇಪ್ಪತ್ತರಿಂದ ನಲವತ್ತನಾಲ್ಕರ ಗಂಡಸರ ಲೆಕ್ಕವನ್ನು ನಾನೇ ಕೇಳಿ ವಹಿಸಿಕೊಂಡೆ. ಕಾರಣ ನನ್ನ ತಮ್ಮ. ಕಲ್ಲುಪುಡಿ ಕಾರ್ಖಾನೆಯಲ್ಲಿ ಐದು ವರ್ಷ ದೂಳು ಕುಡಿದು, ಇಪ್ಪತ್ತಾರಕ್ಕೇ ಉಸಿರು ಸಿಗದೆ ಹೋದ. ಕಾರ್ಖಾನೆಯ ವೈದ್ಯ ‘ಹೃದಯ ನಿಂತು ಸಾವು’ ಎಂದು ಬರೆದುಕೊಟ್ಟ. ಯಾರ ಹೃದಯ ನಿಲ್ಲದೆ ಸತ್ತಿದ್ದಾರೆ, ಹೇಳಿ. ಆ ವೈದ್ಯನನ್ನು ನಾಲ್ಕು ಜನರ ಮುಂದೆ ಕೂರಿಸಿ ಬೆವರಿಳಿಸದೆ ಬಿಡುವುದಿಲ್ಲ ಎಂದು ಅವತ್ತೇ ಹಲ್ಲು ಕಚ್ಚಿದ್ದೆ.

ಜನನ ಮರಣ ನೋಂದಣಿ ಕಚೇರಿಗೆ ಹೋದಾಗ ರಿಜಿಸ್ಟ್ರಾರ್ ಬ್ಲೇಡಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದ. ಏನೂ ಅರಿಯದವನಂಥ ಮುಖ, ಹೆಣ್ಣುಮಕ್ಕಳು ಹೊಟ್ಟೆಕಿಚ್ಚು ಪಡುವಂಥ ರೆಪ್ಪೆ. ಅದನ್ನು ನೋಡಿಯೇ ನನಗೆ ಅರ್ಧ ಸಿಟ್ಟು ಬಂತು.

ಉಳಿದರ್ಧ ಮರಣದ ಪುಸ್ತಕ ನೋಡಿ ಬಂತು. ದೇಶದ ಸರಾಸರಿ ದರದ ಪ್ರಕಾರ ನಮ್ಮೂರಲ್ಲಿ ಆರು ವರ್ಷಕ್ಕೆ ಆ ವಯಸ್ಸಿನ ಮೂವತ್ತೊಂಬತ್ತು ಗಂಡಸರು ಸಾಯಬಹುದು. ಪುಸ್ತಕದಲ್ಲಿ ಇದ್ದದ್ದು ನಲವತ್ತೆರಡು. ಹೆಚ್ಚುವರಿ ಬರೀ ಮೂರು. ನನ್ನ ತಮ್ಮನ ಹೆಸರೇ ಇರಲಿಲ್ಲ.

ಅರ್ಧ ಗಂಟೆ ಅವನ ಗ್ರಹಚಾರ ಬಿಡಿಸಿದೆ. ಬಾಯಿ ಒಣಗಿ ನಿಲ್ಲಿಸಿದಾಗ ನೀರಿನ ಲೋಟ ಮುಂದೆ ಸರಿಸಿದ.

“ಉಸಿರು ಎಲ್ಲಿ ನಿಂತಿತೋ ಅಲ್ಲೇ ದಾಖಲಾಗೋದು ಮೇಡಂ. ನಿಯಮ ಹಾಗಿದೆ” ಎಂದ.

ಆಗ ಹೊಳೆಯಿತು. ತಮ್ಮನಿಗೆ ಕೊನೆಗಾಲ ಬಂದಾಗ ಕಾರ್ಖಾನೆಯವರೇ ವ್ಯಾನ್ ತಂದು, ಪಕ್ಕದ ದೊಡ್ಡ ಊರಿನಲ್ಲಿ ಆ ವೈದ್ಯನೇ ನೋಡುವ ಆಸ್ಪತ್ರೆಗೆ ಸೇರಿಸಿದ್ದರು. ಎಂಥ ಒಳ್ಳೆಯ ಜನ ಎಂದು ಅಮ್ಮ ಕೈಮುಗಿದಿದ್ದಳು. ವಿಚಾರಿಸಿದರೆ, ಎಲ್ಲರನ್ನೂ ಹಾಗೇ ಸಾಗಿಸಿದ್ದರು. ಲಕ್ಷಗಟ್ಟಲೆ ಜನರಿರುವ ಆ ಊರಿನ ಲೆಕ್ಕದಲ್ಲಿ ನಮ್ಮ ಹುಡುಗರು ಹೇಳಹೆಸರಿಲ್ಲದೆ ಕರಗಿಹೋಗಿದ್ದರು.

ಇವನಿಗೆ ಗೊತ್ತಿಲ್ಲದೆ ಇದು ನಡೆದೀತೇ? ಕಾರ್ಖಾನೆಗೆ ತನ್ನನ್ನು ಮಾರಿಕೊಂಡವನು ಎಂದುಕೊಂಡೆ. ಸಂಜೆಯೇ ಕೂತು, ಈ ಅಧಿಕಾರಿ ಸಾವುಗಳನ್ನು ಮುಚ್ಚಿಟ್ಟಿದ್ದಾನೆ, ವಿಚಾರಣೆ ಮಾಡಿ ಎಂದು ಮೇಲಿನವರಿಗೆ ಎರಡು ಪುಟದ ದೂರು ಬರೆದು ಕಳಿಸಿದೆ. ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಗ್ರಹಚಾರವೆಂದರೆ, ಕೆಲಸ ಮುಗಿಯುವವರೆಗೆ ಅವನೆದುರೇ ಕೂರಬೇಕಿತ್ತು. ಇದ್ದ ಒಂದೇ ಫ್ಯಾನನ್ನು ನನ್ನ ಕಡೆ ತಿರುಗಿಸಿ ತಾನು ಬೆವರುತ್ತಿದ್ದ. ನಾನು ತಲೆಯೆತ್ತಿದಾಗಲೆಲ್ಲ ಅವನ ಕಣ್ಣು ನನ್ನ ಮೇಲಿರುತ್ತಿತ್ತು, ಮರುಕ್ಷಣ ಪೆನ್ಸಿಲ್ ಮೇಲೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಅಷ್ಟು ಚೂಪು ಮಾಡಿ ಯಾರನ್ನ ಚುಚ್ಚಬೇಕು ಅಂತಿದೀರಾ?”

“ಆ ಕೆಲಸ ನೀವು ವಹಿಸ್ಕೊಂಡಿದೀರಲ್ಲ ಮೇಡಂ.”

ನಗು ಉಕ್ಕಿ ಬಂತು. ತುಟಿ ಕಚ್ಚಿ ಹಿಡಿದೆ. ನಾಳೆ ಕೆಲಸ ಕಳೆದುಕೊಳ್ಳುವವನ ಮೇಲೆ ನನಗೆಂಥ ಮನಸ್ಸು ಎಂದು ನನಗೇ ಛೀಮಾರಿ ಹಾಕಿಕೊಂಡೆ. ಆದರೂ ಮರುದಿನ ಹೊಸ ಸೀರೆ ಉಟ್ಟುಕೊಂಡು ಹೋದೆ.

ಹನ್ನೊಂದನೆಯ ದಿನ ವಯಸ್ಸು ತಾಳೆ ನೋಡಲು ಹಳೆಯ ಜನನದ ಪುಸ್ತಕ ತೆಗೆದೆ. ಕೆಲವು ಗಂಡು ಮಕ್ಕಳ ಹೆಸರಿನ ಪಕ್ಕ ಪೆನ್ಸಿಲಿನ ಚುಕ್ಕಿ ಇತ್ತು. ಹಾಳೆ ತಿರುವುತ್ತ ಹೋದೆ. ತಮ್ಮನ ಹೆಸರಿನ ಪಕ್ಕವೂ ಒಂದು. ಪುಸ್ತಕವನ್ನು ಅವನ ಮುಂದೆ ತಳ್ಳಿದೆ. ಇದೇನೆಂದು ಕೇಳಿದೆ.

ಅವನು ಎದ್ದು ಬಾಗಿಲು ಮುಂದೆ ಮಾಡಿದ. ಆರು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಪಕ್ಕದೂರಿಗೆ ಹೋಗಿ, ಅಲ್ಲಿನ ಮರಣದ ಪುಸ್ತಕದಲ್ಲಿ ನಮ್ಮೂರಿನ ವಿಳಾಸವಿದ್ದ ಕಾರ್ಖಾನೆ ಹುಡುಗರನ್ನು ಹುಡುಕಿ, ವ್ಯಾನು ತಂದ ದಿನವನ್ನು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಂಡು, ಬಂದು ಇಲ್ಲಿ ಚುಕ್ಕಿ ಇಡುತ್ತಿದ್ದನಂತೆ.

“ಸಾವಿನ ಪುಸ್ತಕದಲ್ಲಿ ನಾನು ಬರೆಯೋ ಹಾಗಿಲ್ಲ. ಆದ್ರೆ ಇಲ್ಲಿ ಹುಟ್ಟಿದ್ದನ್ನ ಯಾರೂ ವ್ಯಾನಲ್ಲಿ ಸಾಗಿಸೋಕಾಗಲ್ಲವಲ್ಲ.”

ಮೊದಲ ದಿನವೇ ಹೇಳಬಾರದಿತ್ತೇ ಎಂದು ರೇಗಿದೆ. ನೀವು ಬೈಯುತ್ತಿದ್ದಿರಿ, ಮಧ್ಯೆ ಬಾಯಿ ಹಾಕುವುದು ಸರಿಯೆನಿಸಲಿಲ್ಲ ಎಂದ. ಅಳುತ್ತಲೇ ನಕ್ಕೆ.

ಇಬ್ಬರೂ ಕೂತು ಎಣಿಸಿದೆವು. ಐವತ್ತೊಂದು ಚುಕ್ಕಿ. ನಲವತ್ತೆರಡಕ್ಕೆ ಕೂಡಿದರೆ ತೊಂಬತ್ತಮೂರು. ಮೂವತ್ತೊಂಬತ್ತು ಕಳೆದರೆ ಐವತ್ತನಾಲ್ಕು ಹೆಚ್ಚುವರಿ ಸಾವು. ಮತ್ತೊಮ್ಮೆ ಕೂಡಿ ಕಳೆದು ನೋಡಿದೆ. ಅಷ್ಟೇ ಬಂತು.

ಆಮೇಲೆ ದೂರು ನೆನಪಾಯಿತು. ಆರೋಪಿ ಅಧಿಕಾರಿ ಕೊಟ್ಟ ಲೆಕ್ಕವನ್ನು ಯಾರು ನಂಬುತ್ತಾರೆ? ತಮ್ಮನ ಸಾವಿಗಿದ್ದ ಒಂದೇ ಸಾಕ್ಷಿಗೆ ನಾನೇ ಕಲ್ಲು ಹಾಕಿದ್ದೆ. ತೊದಲುತ್ತ ವಿಷಯ ಹೇಳಿದೆ. ಅವನು ಡ್ರಾಯರಿನಿಂದ ವಿಚಾರಣೆಯ ನೋಟಿಸ್ ತೆಗೆದು ಮೇಜಿನ ಮೇಲಿಟ್ಟ. ಜೊತೆಗೆ ನನ್ನ ದೂರಿನ ನಕಲು. ಬಂದು ಮೂರು ದಿನವಾಗಿತ್ತಂತೆ. ಆ ಮೂರು ದಿನವೂ ಫ್ಯಾನು ನನ್ನ ಕಡೆಗೇ ತಿರುಗಿತ್ತು.

ನಾಳೆಯೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

“ಬೇಡ. ಯಾರೂ ಕೇಳದೆ ಹೊರಗೆ ಹೇಳೋ ಅಧಿಕಾರ ನನಗಿಲ್ಲ. ವಿಚಾರಣೇಲಿ ಕೇಳಿದ್ರೆ ಹೇಳಲೇಬೇಕು. ಆರು ವರ್ಷ ಕಾದೆ, ಯಾರೂ ಕೇಳಲಿಲ್ಲ. ದೂರಿಗೆ ಒಂದು ಸಾಲು ಸೇರಿಸಿ, ಈ ಚುಕ್ಕಿ ಏನು ಅಂತ ವಿಚಾರಿಸಿ ಅಂತ.”

“ನಿಮ್ಮ ಕೆಲಸ?”

“ಪುಸ್ತಕದಲ್ಲಿ ಗೀಚಿದ್ದಕ್ಕೆ ಶಿಕ್ಷೆ ಆಗುತ್ತೆ. ಆಗಲಿ.”

ಆ ಸಾಲನ್ನು ಅವನ ಪೆನ್ಸಿಲಿನಲ್ಲೇ ಮೊದಲು ಬರೆದು ನೋಡಿದೆ. ನನ್ನ ಕೈಗೆ ಅವನ ಕೈ ತಾಗಿತು. ಇಬ್ಬರೂ ಸರಿಸಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕನ್ನಡಕದ ಮೇಲಿಂದ ನೋಡುವ ಹಿರಿಯ ಹೆಂಗಸು. ಕಾರ್ಖಾನೆಯ ವೈದ್ಯನನ್ನೂ ಕರೆಸಿದ್ದರು. ವಯಸ್ಸಿನ ಹುಡುಗರು, ಕುಡಿತ, ಬೈಕು, ಇದ್ದದ್ದೇ ಎಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಧಿಕಾರಿ ಚುಕ್ಕಿ ಏನೆಂದು ಕೇಳಿದ್ದೇ ತಡ, ನಮ್ಮ ರಿಜಿಸ್ಟ್ರಾರ್ ಎದ್ದು ನಿಂತು ಐವತ್ತೊಂದು ಹೆಸರನ್ನೂ ಓದಿದ. ಹುಟ್ಟಿದ ದಿನ, ಸತ್ತ ದಿನ, ವ್ಯಾನು ಒಯ್ದ ದಿನ. ಇಪ್ಪತ್ತು ನಿಮಿಷ ಹಿಡಿಯಿತು. ತಮ್ಮನ ಹೆಸರು ಬಂದಾಗಲೂ ನಾನು ಅಳಲಿಲ್ಲ, ವೈದ್ಯನ ಮೇಲಿಂದ ಕಣ್ಣು ಕೀಳಲಿಲ್ಲ. ಅವನ ಕಾಲು ಕೆಳಗಿಳಿಯಿತು, ಕರವಸ್ತ್ರ ಹೊರಗೆ ಬಂತು. ಆ ಬೆವರನ್ನು ನಾನು ಕಣ್ತುಂಬ ನೋಡಿದೆ. ಪಾಪ ಎನಿಸಲಿಲ್ಲ.

ಕೊನೆಗೆ ವೈದ್ಯ ತಿರುಗಿಬಿದ್ದ. ಇವರಿಬ್ಬರೂ ದಿನಾ ಒಟ್ಟಿಗೇ ಟೀ ಕುಡಿಯುತ್ತಾರೆ, ದೂರೂ ನಾಟಕ, ಲೆಕ್ಕವೂ ನಾಟಕ ಎಂದ. ಅಧಿಕಾರಿ ನನ್ನ ಕಡೆ ತಿರುಗಿದರು. ನಿಜವೇ ಎಂದು ಕೇಳಿದರು.

“ದೂರು ಬರೆದ ದಿನ ಈ ಮನುಷ್ಯನ್ನ ಮನಸಾರೆ ದ್ವೇಷಿಸ್ತಿದ್ದೆ ಮೇಡಂ. ಅದರ ಒಂದಕ್ಷರಾನೂ ನಾಟಕ ಅಲ್ಲ.”

“ಈಗ?”

“ಈಗ ಪ್ರೀತಿಸ್ತೀನಿ. ಅದನ್ನೂ ಬರ್ಕೊಳ್ಳಿ. ಅವರಿಗೂ ಇವತ್ತೇ ಗೊತ್ತಾಗ್ತಿರೋದು.”

ಟೈಪ್ ಮಾಡುವಾಕೆಯ ಬೆರಳು ನಿಂತಿತು. ಅವನ ಕಿವಿ ಕೆಂಪಾಯಿತು. ಅಧಿಕಾರಿ ಒಂದು ಕ್ಷಣ ಅವನ ಮುಖ ನೋಡಿ, ಇದು ನಾಟಕದ ಮುಖವಲ್ಲ ಎಂದು ಬರೆಸಿದರು. ಚುಕ್ಕಿ ಇಟ್ಟಿದ್ದಕ್ಕೆ ಅವನಿಗೆ ಮೂರು ತಿಂಗಳು ಅಮಾನತು. ಐವತ್ತೊಂದು ಸಾವು ನಮ್ಮೂರಿನ ಲೆಕ್ಕಕ್ಕೆ. ಆಮೇಲೆ ಕುರ್ಚಿ ತೋರಿಸಿ, ಒಂದನೆಯ ಹೆಸರಿನಿಂದ ಶುರುಮಾಡೋಣ ಬನ್ನಿ ಎಂದು ವೈದ್ಯನನ್ನು ಕರೆದರು.

ಇನ್ನು ನಾವು ಹೋಗಬಹುದಿತ್ತು. ನಾನು ಮುಂದಿನ ಸಾಲಿನಲ್ಲಿ ಅವನ ಪಕ್ಕ ಹೋಗಿ ಕೂತು, ಎಲ್ಲರೆದುರೇ ಕೈ ಹಿಡಿದುಕೊಂಡೆ. ಐವತ್ತೊಂದನ್ನೂ ಕೇಳಿಯೇ ಏಳೋಣ ಎಂದೆ. ಅವನು ಹೂಂ ಎಂದ.