ಮೈಯಳತೆಯ ಸುರುಳಿ

"ಬಾಗಿಲು ಅಳೆದುಕೋ, ಕಂಬ ಅಳೆದುಕೋ, ಬೇಕಾದ್ರೆ ನನ್ನ ಗಡ್ಡಾನೂ ಅಳೆದುಕೋ. ಮೂಲೇಲಿ ನೇತುಹಾಕಿರೋ ಸುರುಳೀನ ಮಾತ್ರ ಮೈಗೆ ಹಿಡೀಬೇಡ ಮಗಳೇ," ಎಂದರು ಪಾದ್ರಿ ಅಬ್ಬಾ ಹೆರುಯ್. ಬೀಗದ ಕೈ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು.

ಜಾಫು ನಕ್ಕಳು. ಆ ನಗುವಿನಲ್ಲಿ ಸಂತೋಷವಿರಲಿಲ್ಲ. ಆ ಬೀಗದ ಕೈಗಾಗಿ ಮೂರು ದಿನ ಗೆರಾಲ್ತಾ ಬೆಟ್ಟದ ಬುಡದಲ್ಲಿ ಅವಳು ಬಿಸಿಲಿಗೆ ಬೆಂದಿದ್ದಳು. ಮೊದಲನೆಯ ದಿನ ಪಾದ್ರಿ ಮದುವೆಗೆ ಹೋಗಿದ್ದರು. ಎರಡನೆಯ ದಿನ ಸಾವಿಗೆ. ಮೂರನೆಯ ದಿನ ಮನೆಯಲ್ಲೇ ಇದ್ದು, ಉಪವಾಸವೆಂದು ಮಲಗಿದ್ದರು. ಮೆಕೆಲೆ ಪಟ್ಟಣದ ಪುರಾತತ್ವ ಕಚೇರಿ ಕೊಟ್ಟ ಪಟ್ಟಿಯಲ್ಲಿ ಉಳಿದದ್ದು ಬಂಡೆಯಲ್ಲಿ ಕೊರೆದ ಈ ಮರ್ಯಮ್ ಇಗರ್ಜಿ ಒಂದೇ. ಒಳಗಿನ ಪ್ರತಿಯೊಂದು ವಸ್ತುವಿನ ಉದ್ದಗಲವನ್ನೂ ನಾಳೆಯೊಳಗೆ ಬರೆದು ಕೊಡದಿದ್ದರೆ ಕೆಲಸ ಖಾಯಂ ಆಗುವ ಆಸೆಯನ್ನು ಬಿಡಬೇಕು.

"ಯಾಕಬ್ಬಾ, ಸುರುಳಿ ಕಚ್ಚುತ್ತಾ?"

"ಕಚ್ಚಿದ್ರೆ ಔಷಧಿ ಇರ್ತಿತ್ತು."

ರಕ್ಷೆಯ ಸುರುಳಿ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಂತ್ರ ಬಲ್ಲ ದೆಬ್ತೆರಾ ರೋಗಿಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು, ಅಷ್ಟೇ ಉದ್ದದ ಆಡಿನ ತೊಗಲಿನ ಮೇಲೆ ಬರೆಯುತ್ತಾನೆ. ಮೈಯ ಒಂದು ಗೇಣೂ ಕಾವಲಿಲ್ಲದೆ ಉಳಿಯಬಾರದು. ಜಾಫುವಿನ ಅಜ್ಜಿ ಕೊರಳಿಗೆ ಅಂಥದೊಂದನ್ನು ಕಟ್ಟಿಕೊಂಡೇ ಕೆಮ್ಮಿ ಕೆಮ್ಮಿ ಸತ್ತಿದ್ದಳು.

"ಇದು ಬದುಕಿದ್ದೋರಿಗೆ ಬರೆದದ್ದಲ್ಲ," ಎಂದರು ಅಬ್ಬಾ. "ಒಂಬತ್ತು ವರ್ಷದ ಹುಡುಗಿ ಸತ್ತಳು. ತಾಯಿ ಒಪ್ಪಲಿಲ್ಲ. ನನ್ನ ಮಗು ಬೆಳೀಲೇಬೇಕು ಅಂತ ದೆಬ್ತೆರಾನ ಕಾಲು ಕಟ್ಟಿಕೊಂಡಳು. ಅವನು ಹೆಣಾನ ಅಳೆದು ಬರೆದ."

"ಬೆಳೆದಳಾ ಮತ್ತೆ?"

"ನನಗಿಂತ ಮುಂಚೆ ಇದ್ದ ಪಾದ್ರಿ ಅದನ್ನ ಮೈಗೆ ಹಿಡಿದು ನೋಡಿದ್ರು. ನಿನಗಿಂತ ಎತ್ತರದ ಆಳು. ಕೊನೆಗೆ ಮಗುವಿನ ಚಾಪೇಲಿ ಸುತ್ತಿ ಹೂಳಿದ್ವಿ."

"ವಯಸ್ಸಾದ್ಮೇಲೆ ಎಲ್ಲರೂ ಕುಗ್ತಾರೆ ಅಬ್ಬಾ. ನಡೀರಿ, ಹೊತ್ತಾಯ್ತು."

ಇಗರ್ಜಿ ಬಂಡೆಯ ನೆತ್ತಿಯಲ್ಲಿತ್ತು; ಬರಿಗಾಲಿನಲ್ಲಿ ಹತ್ತಬೇಕು. ನೂರಾರು ವರ್ಷಗಳ ಹಿಮ್ಮಡಿಗಳು ಸವೆಸಿದ ಕುಳಿಗಳಲ್ಲಿ ಬೆರಳು ತೂರಿಸುತ್ತ, ಹೊಟ್ಟೆಯನ್ನು ಬಂಡೆಗೆ ಒತ್ತಿಕೊಂಡು ಅವಳು ಮೇಲೇರಿದಳು. ಅರ್ಧ ದಾರಿಯಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದ ಅಳತೆಯ ಟೇಪು ಜಾರಿತು. ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ಟಣ್ ಎಂದಿತು. ಜಾಫುವಿಗೆ ಅಳು ಬಂತು. ಅಳಲು ಕೈ ಬಿಡುವಂತಿರಲಿಲ್ಲ.

ಅಬ್ಬಾ ಬೀಗ ತೆಗೆದು ಹೊಸ್ತಿಲ ಹೊರಗೇ ಪ್ರಾರ್ಥನೆಗೆ ಕುಳಿತರು. ಒಳಗೆ ಹಳೆಯ ಧೂಪ, ಬಾವಲಿಯ ಹಿಕ್ಕೆ, ಹಸಿಕಲ್ಲಿನ ವಾಸನೆ. ಮೇಣದ ಬತ್ತಿಯ ಬೆಳಕಿಗೆ ಗೋಡೆಯ ಸಂತರು ದೊಡ್ಡ ಕಣ್ಣು ಬಿಟ್ಟರು. ಬಾಗಿಲನ್ನು ಮೊಳದಲ್ಲಿ ಅಳೆದಳು, ಕಂಬಗಳನ್ನು ಮಾರಿನಲ್ಲಿ, ಶಿಲುಬೆಯನ್ನು ಗೇಣಿನಲ್ಲಿ. ಉಳಿದದ್ದು ಸುರುಳಿ. ನೆಲದ ಮೇಲೆ ಬಿಡಿಸಿದಷ್ಟೂ ಅದು ಮತ್ತೆ ಸುತ್ತಿಕೊಂಡಿತು. ಒಂದು ಸಲ. ಎರಡು ಸಲ. ಐದನೆಯ ಸಲ ಅವಳ ತಾಳ್ಮೆ ಹರಿಯಿತು. ತನ್ನ ಎತ್ತರ ತನಗೆ ಗೊತ್ತಿದೆ, ನೂರ ಅರವತ್ತೆರಡು ಸೆಂಟಿಮೀಟರ್. ಒಂದು ತುದಿಯನ್ನು ನೆತ್ತಿಗೆ ಒತ್ತಿ, ಇನ್ನೊಂದನ್ನು ಕೆಳಗೆ ಬಿಟ್ಟಳು. ಒಂಬತ್ತು ವರ್ಷದವಳದು, ಮೊಣಕಾಲಿನ ಹತ್ತಿರ ನಿಲ್ಲಬೇಕು.

ತುದಿ ಹಿಮ್ಮಡಿಯನ್ನು ಮುಟ್ಟಿ ನಿಂತಿತು.

ತೊಗಲು ಬೆಚ್ಚಗಿತ್ತು. ಕಿವಿಯ ಪಕ್ಕದಲ್ಲಿ, ನಿದ್ದೆಯಿಂದೆದ್ದ ಮಗು ಮೈಮುರಿದಂತೆ, ಸಣ್ಣ ಎಲುಬುಗಳ ಲಟಲಟ ಸದ್ದು. ಬತ್ತಿ ಆರಿತು. ಅವಳು ಸುರುಳಿಯನ್ನು ಅಲ್ಲೇ ಎಸೆದು, ಕತ್ತಲಲ್ಲಿ ಎಡವುತ್ತ ಹೊರಗೋಡಿ ಬಂದಳು.

ಅಬ್ಬಾ ಮೊದಲು ಇಳಿದರು. ಅವಳು ಹಿಂದೆ. ಕೈಗೆ ಕುಳಿ ಸಿಕ್ಕಿತು. ಬಲಗಾಲನ್ನು ಕೆಳಗೆ ಬಿಟ್ಟಳು. ಕುಳಿ ಇಲ್ಲ. ಹತ್ತುವಾಗ ಇತ್ತಲ್ಲ. ಇನ್ನಷ್ಟು ಚಾಚಿದಳು. ಇಲ್ಲ. ಬೆರಳ ತುದಿಗೆ ಬರೀ ಗಾಳಿ. ಬೆವರಿದ ಕೈ ಕಲ್ಲಿನ ಮೇಲೆ ಜಾರಿತು. ಕೆಳಗೆ ನೋಡಿದಳು. ಕುಳಿ ಅಲ್ಲೇ ಇತ್ತು, ನಾಲ್ಕು ಬೆರಳು ಕೆಳಗೆ.

"ಅಳೆದೆಯಾ?" ಅಬ್ಬಾನ ದನಿ.

"ಟೇಪು ಬಿದ್ದೋಯ್ತಲ್ಲಬ್ಬಾ..."

ಎಪ್ಪತ್ತರ ಮುದುಕ ಮತ್ತೆ ಮೇಲೇರಿ ಬಂದು, ಅವಳ ಕಾಲ ಕೆಳಗೆ ತಮ್ಮ ಭುಜವಿಟ್ಟರು. ಭುಜದಿಂದ ಕುಳಿಗೆ, ಕುಳಿಯಿಂದ ಭುಜಕ್ಕೆ. ಹಾಗೇ ನೆಲ ಮುಟ್ಟಿದರು.

"ಇದಕ್ಕೇ ಮೂರು ದಿನ ತಪ್ಪಿಸಿಕೊಂಡು ಓಡಾಡಿದ್ದು," ಎಂದರು. "ಹೇಳಿದ್ರೆ ಪೇಟೆಯವರು ನಗ್ತೀರಿ."

"ಈ ಕುಗ್ಗೋದು ನಿಲ್ಲಲ್ವಾ?"

"ಇನ್ನೊಬ್ಬರು ಅದಕ್ಕೆ ಮೈಯಳತೆ ಕೊಟ್ಟ ದಿನ ನಿಲ್ಲುತ್ತೆ. ಅಲ್ಲೀವರೆಗೂ ಆ ಸತ್ತ ಹುಡುಗಿ ನಿನ್ನ ಮೈಯಿಂದಾನೇ ಬೆಳೀತಾಳೆ. ಯಾರನ್ನೂ ಕಳಿಸಬೇಡ ಮಗಳೇ. ನಾನು ಪ್ರಾರ್ಥನೆ ಮಾಡ್ತೀನಿ."

ಅವರು ಪ್ರಾರ್ಥನೆ ಮಾಡಿಯೇ ಇರಬೇಕು. ಆದರೂ ಮೊದಲ ವಾರ ಲಂಗ ನೆಲ ಗುಡಿಸಿತು. ಎರಡನೆಯ ವಾರ ಕಾಫಿ ಹುರಿಯುವ ಬಾಣಲೆ ಇಡುವ ಹಲಗೆ ಕೈಗೆಟುಕದಾಯಿತು. ವೈದ್ಯರು ಬೆನ್ನಿನ ಚಿತ್ರ ತೆಗೆಸಿ, ಎಲ್ಲ ಸರಿಯಿದೆ, ಹಾಲು ಕುಡಿ ಎಂದರು. ಅವಳ ಕೆಲಸವೇನೋ ಖಾಯಂ ಆಯಿತು. ಒಂದು ತಿಂಗಳ ಮೇಲೆ ಮೇಲಧಿಕಾರಿಯ ಚೀಟಿ ಬಂತು: ನಲವತ್ತು ವರ್ಷದ ಹಿಂದಿನ ಪಟ್ಟಿಯಲ್ಲಿ ಆ ಸುರುಳಿ ಜಾಫು ಬರೆದುಕೊಟ್ಟಷ್ಟು ಉದ್ದ ಇಲ್ಲ, ಫಿತ್ಸುಮ್ ಹೋಗಿ ಮತ್ತೆ ಅಳೆದು ಬರಲಿ.

ಫಿತ್ಸುಮ್ ಅವಳ ಪಕ್ಕದ ಮೇಜಿನವನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಬಾಯಿತುಂಬ ತಮಾಷೆ.

"ಒಂದು ಸುರುಳಿ ನೆಟ್ಟಗೆ ಅಳೆಯಕ್ಕಾಗ್ಲಿಲ್ವಾ ನಿನಗೆ? ಮದುವೆಯಾದ್ಮೇಲೆ ಗಂಡನ ಅಂಗಿ ಹೊಲಿಸೋ ಕೆಲಸ ಮಾತ್ರ ಒಪ್ಕೋಬೇಡ. ಆ ಮುದುಕ ಪಾದ್ರಿ ತಂಟೆ ಮಾಡ್ತಾರಾ?"

ಜಾಫು ಬಾಯಿ ತೆರೆದಳು. ಅಬ್ಬಾನ ಭುಜದ ಎಲುಬು ಪಾದದಡಿ ಒತ್ತಿದ್ದು ನೆನಪಾಯಿತು. ಮಗುವಿನ ಚಾಪೆಯೂ ನೆನಪಾಯಿತು.

"ಏನೇನೋ ಹೇಳಿ ಹೆದರಿಸ್ತಾರೆ. ಕಿವಿಗೆ ಹಾಕ್ಕೋಬೇಡ," ಎಂದಳು.

"ಸರಿ, ಟೇಪು ಕೊಡು."

"ಟೇಪು ಬೇಡ. ತೊಗಲು ಹಳೇದು, ತಗಡು ತಾಗಿದ್ರೆ ಪುಡಿಯಾಗುತ್ತೆ. ನಿನ್ನ ಎತ್ತರ ನಿನಗೆ ಗೊತ್ತಲ್ಲ? ಮೈಗೆ ಹಿಡಿದು ನೋಡು."

"ಬುದ್ಧಿವಂತೆ," ಎಂದು ಅವನು ನಕ್ಕು, ಟೋಪಿ ಎತ್ತಿಕೊಂಡು ಹೊರಟ.

ಮೆಟ್ಟಿಲಿನಲ್ಲಿ ಅವನ ಉದ್ದುದ್ದ ಹೆಜ್ಜೆಗಳ ಸದ್ದು ಇಳಿಯುತ್ತಾ ಹೋಯಿತು. ಈಗಲೂ ಕೂಗಿ ಕರೆಯಬಹುದಿತ್ತು. ಅವಳು ಕರೆಯಲಿಲ್ಲ. ಕುರ್ಚಿಯಲ್ಲಿ ಕುಳಿತಿದ್ದ ಅವಳ ಪಾದಗಳು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು.