ಆರದ ಊದುಬತ್ತಿ

ಮೈಸೂರಿನ ಆ ಮನೆಯ ದೇವರ ಗೂಡಿನಲ್ಲಿ ಊದುಬತ್ತಿ ಘಮಘಮಿಸುತ್ತಿತ್ತು. ಕೆಂಡವಿಲ್ಲ, ಹೊಗೆಯಿಲ್ಲ, ಕೆಳಗೆ ಬೂದಿಯೂ ಇಲ್ಲ. ಕರೆಂಟಿನ ಪುಟ್ಟ ಪೀಠವೊಂದು ಬತ್ತಿಯನ್ನು ಉಗುರುಬೆಚ್ಚಗೆ ಇಟ್ಟು, ಅದರೊಳಗಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಗಾಳಿಗೆ ಬಿಡುತ್ತಿತ್ತು. ಜನ ಅದನ್ನು ತಣ್ಣನೆ ಬತ್ತಿ ಎಂದು ಕರೆದರು. 2060ರ ಹೊತ್ತಿಗೆ ಅದಿಲ್ಲದ ಬೀದಿ ಇರಲಿಲ್ಲ.

ಅದನ್ನು ಕಂಡುಹಿಡಿದ ಇಂಚರ ರಸಾಯನ ವಿಜ್ಞಾನಿ. ಅವಳನ್ನು ಸಾಕಿದ ಚಿಕ್ಕಮ್ಮ ಯಶೋದಮ್ಮ ಊದುಬತ್ತಿ ಕಾರ್ಖಾನೆಯಲ್ಲಿದ್ದವರು. ಹೊಸದಾಗಿ ಬಂದ ಮಾಲಿನಿಂದ ಒಂದೊಂದು ಬತ್ತಿ ಹಚ್ಚಿ, ಸಮನಾಗಿ ಉರಿಯುತ್ತದೆಯೇ, ವಾಸನೆ ಸರಿಯಿದೆಯೇ ಎಂದು ನೋಡುವುದೇ ಅವರ ಕೆಲಸ. ಐವತ್ತು ದಾಟುವಷ್ಟರಲ್ಲಿ ಶ್ವಾಸಕೋಶ ಅರ್ಧ ಕೆಟ್ಟಿತ್ತು. ಕೆಲಸ ಬಿಟ್ಟರು, ಪೂಜೆಗೆ ಊದುಬತ್ತಿ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಅವರಿಗೋಸ್ಕರವೇ ಇಂಚರ ತಣ್ಣನೆ ಬತ್ತಿ ಮಾಡಿದ್ದು.

ಸುವಾಸನೆಯ ಎಣ್ಣೆಗಳಲ್ಲಿ ಹೆಚ್ಚಾಗಿ ಇರುವುದು ಟರ್ಪೀನುಗಳು. ನಿಂಬೆ ಸಿಪ್ಪೆಗೆ, ದೇವದಾರು ಮರಕ್ಕೆ ಅವುಗಳ ವಾಸನೆ ಕೊಡುವ ಅಣುಗಳು ಅವು. ಬತ್ತಿಯ ಕೆಂಡದಲ್ಲಿ ಅವು ಅರೆಬರೆ ಸುಟ್ಟು ಮಸಿಯಾಗುತ್ತವೆ, ಬೆಂಜೀನಿನಂಥ ವಿಷವಾಗುತ್ತವೆ. ಸುಡದಿದ್ದರೆ ವಿಷವಿಲ್ಲ ಎಂಬುದು ಇಂಚರಳ ಲೆಕ್ಕ. ಪೂರ್ತಿ ತಪ್ಪು ಲೆಕ್ಕವೇನಲ್ಲ. ಬೆಳಿಗ್ಗೆ ಅರ್ಧ ಗಂಟೆ, ಕಿಟಕಿ ತೆರೆದ ಮನೆ ಎಂದು ಇಟ್ಟುಕೊಂಡಿದ್ದಳು.

ಎರಡನೇ ವರ್ಷ ಚಿಕ್ಕಮ್ಮ ಫೋನಿನಲ್ಲಿ ಕೆಮ್ಮು ಜಾಸ್ತಿಯಾಗಿದೆ, ಕಣ್ಣು ಉರಿಯುತ್ತದೆ ಎಂದರು.

“ಹೊಗೆನೇ ಇಲ್ವಲ್ಲ ಚಿಕ್ಕಮ್ಮ,” ಎಂದು ಇಂಚರ ನಕ್ಕಳು. ಹಳೆಯ ಕಾಯಿಲೆಯೇ ಇರಬೇಕೆಂದುಕೊಂಡು ಗಾಳಿ ಶುದ್ಧಿ ಮಾಡುವ ಯಂತ್ರವೊಂದನ್ನು ಕಳಿಸಿದಳು. ಧೂಳು ಬಾರದಂತೆ ಕಿಟಕಿ ಮುಚ್ಚಿಕೊಂಡಿರಲು ಹೇಳಿದಳು.

ಬೇರೆ ಮನೆಗಳಿಂದಲೂ ಅದೇ ದೂರು ಬರತೊಡಗಿದಾಗ ಗಾಳಿ ಅಳೆಯುವ ಉಪಕರಣ ಹಿಡಿದು ಮೈಸೂರಿಗೆ ಬಂದಳು. ಚಿಕ್ಕಮ್ಮನ ಕೋಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ತುಂಬಿದ್ದವು. ಜೊತೆಗೆ, ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಾಲ್ಡಿಹೈಡ್. ಅದರ ರಸಾಯನ ಅವಳಿಗೆ ಹೊಸದಲ್ಲ. ಸುಡದಿದ್ದರೂ ಟರ್ಪೀನು ಗಾಳಿಯಲ್ಲಿ ಸುಮ್ಮನಿರುವುದಿಲ್ಲ. ಆಮ್ಲಜನಕದ ಜೊತೆ ಕೂಡಿ ನಿಧಾನವಾಗಿ ಒಡೆದು ಇಂಥ ಕಣ, ಇಂಥ ವಿಷ ಆಗುತ್ತದೆ. ಓಝೋನ್ ಸಿಕ್ಕರೆ ಬೇಗ ಒಡೆಯುತ್ತದೆ. ಆ ಕೋಣೆಯಲ್ಲಿ ಓಝೋನ್ ಬಿಡುತ್ತಿದ್ದುದು ಅವಳೇ ಕಳಿಸಿದ ಯಂತ್ರ. ಆದರೂ ದಿನಕ್ಕೆ ಅರ್ಧ ಗಂಟೆಯ ಬತ್ತಿಯಿಂದ ಇಷ್ಟೊಂದು ವಿಷ ಲೆಕ್ಕಕ್ಕೆ ಸಿಗಲಿಲ್ಲ.

“ದಿನಾ ಎಷ್ಟು ಹೊತ್ತು ಹಚ್ತೀಯ?” ಎಂದು ಚಿಕ್ಕಮ್ಮನನ್ನು ಕೇಳಿದಳು.

“ದಿನಾ ಎಲ್ಲಿ ಹಚ್ಲಿ? ನೀನು ತಂದುಕೊಟ್ಟ ದಿನ ಹಚ್ಚಿದ್ದು. ಎಣ್ಣೆ ಮುಗಿದ್ರೆ ಹೊಸ ಬತ್ತಿ ಸಿಗಿಸ್ತೀನಿ, ಅಷ್ಟೆ.”

“ಆಮೇಲೆ ಆರಿಸೇ ಇಲ್ವಾ? ಬಟನ್ ಇದೆಯಲ್ಲ.”

ಯಶೋದಮ್ಮ ಉಸಿರು ಎಳೆದುಕೊಂಡರು. “ಅದರ ಮೇಲೆ ‘ಆರಿಸಿ’ ಅಂತ ಬರೆದಿದ್ದೀಯಲ್ಲೇ. ದೇವರ ಮುಂದೆ ಇರೋದನ್ನ ಯಾರಾದ್ರೂ ಆರಿಸ್ತಾರಾ? ದೀಪಾನೂ ಶಾಂತ ಮಾಡು ಅಂತೀವಿ. ಹಾಸ್ಟೆಲಲ್ಲಿ ಓದಿದೋಳಿಗೆ ಅದೂ ಮರೆತೋಯ್ತಾ?”

ಮರೆತೇ ಹೋಗಿತ್ತು. ಹಳೆಯ ಬತ್ತಿ ತಾನಾಗಿಯೇ ಮುಗಿಯುತ್ತಿತ್ತು. ಅದನ್ನು ಆರಿಸುವ ಕೆಲಸ ಯಾರ ಕೈಗೂ ಬರುತ್ತಿರಲಿಲ್ಲ. ಇಂಚರ ಎದ್ದು ಬಟನ್ ಒತ್ತಿದಳು. ಚಿಕ್ಕಮ್ಮ ಮುಖ ತಿರುಗಿಸಿಕೊಂಡರು. ಕೆಮ್ಮಿನ ದೂರು ಬಂದಿದ್ದ ಬೇರೆ ಮನೆಗಳಲ್ಲಿ ವಿಚಾರಿಸಿದಾಗಲೂ ಬಹುಪಾಲು ಸಿಕ್ಕಿದ್ದು ಇದೇ ಉತ್ತರ.

ತಣ್ಣನೆ ಬತ್ತಿ ತಯಾರಿಸುವ ಕಂಪನಿ ಬಟನ್ ಮೇಲಿನ ಪದ ಬದಲಿಸಿತು. ತಾನೇ ನಿಲ್ಲುವ ಹೊಸ ಪೀಠವೂ ಬಂತು. ಅಷ್ಟರಲ್ಲಿ ಯಶೋದಮ್ಮ ತೀರಿಕೊಂಡಿದ್ದರು. ಅವರನ್ನು ಕಾರ್ಖಾನೆ ಎಷ್ಟು ಕೊಂದಿತು, ತಣ್ಣನೆ ಬತ್ತಿ ಎಷ್ಟು ಕೊಂದಿತು ಎಂದು ವೈದ್ಯರಿಂದ ಬೇರೆ ಮಾಡಿ ಹೇಳಲಾಗಲಿಲ್ಲ. ಇಂಚರಳಿಗೆ ಬೇಕಿದ್ದದ್ದು ಅದೊಂದೇ ಲೆಕ್ಕ.

ತಿಥಿಯ ದಿನ ನೆಂಟರು ಮನೆ ತೊಳೆದರು. ಅಜ್ಜಿಯರ ಕಾಲದಿಂದಲೂ ಬಾಟಲಿಯಲ್ಲಿ ಬರುವ ಅದೇ ನಿಂಬೆ ವಾಸನೆಯ ದ್ರಾವಣ ಸುರಿದು ನೆಲ ಒರೆಸಿದರು. ಮುಚ್ಚಿದ ಕೋಣೆ ಅದೇ ಟರ್ಪೀನುಗಳಿಂದ ಘಮ್ಮೆಂದಿತು. ಈಗ ಮನೆ ಚೊಕ್ಕಟವಾಯಿತು ಎಂದು ಅತ್ತೆಯೊಬ್ಬರು ಎದೆ ತುಂಬ ಉಸಿರೆಳೆದುಕೊಂಡರು. ಇಂಚರ ಚಿಕ್ಕಮ್ಮನ ಫೋಟೋದ ಮುಂದೆ ಹಳೆಯ ಥರದ ಊದುಬತ್ತಿಯೊಂದನ್ನು ಹಚ್ಚಿದಳು. ನೀಲಿ ಎಳೆ ಮೇಲೆದ್ದಿತು.

“ಹೊಗೆ ಕಣೇ,” ಎಂದರು ಅತ್ತೆ. “ಆ ಕಿಟಕಿ ತೆಗಿ.”